ಕಾಲಾಂಕಿತ ಕಾವ್ಯ: ಅಮೆರಿಕದ ಕವಯಿತ್ರಿ ಏಡ್ರಿಯನ್ ರಿಚ್

ಪ್ರಾಚೀನ ಕವಿಗಳ ಕಾಲವನ್ನು ನಿರ್ಣಯಿಸುವುದಕ್ಕಾಗಿ ವಿದ್ವಾಂಸರು ಶಾಸನಗಳನ್ನೂ ಗ್ರಂಥಾಂತ್ಯದ ಪದ್ಯಗಳನ್ನೂ ಅನ್ಯಕವಿಗಳ ಸ್ತುತಿಗಳನ್ನೂ ಶೋಧಿಸಿ ಪಡುವ ಶ್ರಮವು ಎಲ್ಲರೂ ಬಲ್ಲುದೇ ಆಗಿದೆ. ಕವಿಯೇ ತನ್ನ ಪ್ರತಿಯೊಂದು ಪದ್ಯದ ಕೆಳಗೂ ಅದು ಹುಟ್ಟಿದ ವರ್ಷವನ್ನು ಬರೆದಿಟ್ಟರೆ ಚರಿತ್ರಕಾರನ ಕೆಲಸವು ಬಹುಮಟ್ಟಿಗೆ ಹಗುರವಾಗುವುದು. ಅಮೆರಿಕದ ಕವಯಿತ್ರಿ ಏಡ್ರಿಯನ್ ರಿಚ್ 1956ರ ಹೊತ್ತಿಗೆ ಈ ಪದ್ಧತಿಯನ್ನು ಕೈಕೊಂಡಳು. ಮುಂದಿನ ವಿದ್ವಾಂಸರಿಗೆ ಉಪಕಾರವಾಗಲೆಂಬ ಉದ್ದೇಶವೇನೂ ಆಕೆಗೆ ಇದ್ದಂತಿಲ್ಲ. ಪದ್ಯವೆಂಬುದು ತನ್ನಷ್ಟಕ್ಕೆ ತಾನು ಮುಗಿದ, ಕಾಲದ ಸೋಂಕಿಲ್ಲದ ವಸ್ತುವೆಂದು ಆಗ ವಿಮರ್ಶಕರಲ್ಲಿ ಪ್ರಬಲವಾಗಿದ್ದ ಮತವನ್ನು ಆಕೆ ತೊರೆದುದೇ ಇದಕ್ಕೆ ಕಾರಣ. ಆ ಇಸವಿಗಳನ್ನು ಹಿಡಿದು ಆಕೆಯ ಚರಿತ್ರೆಯನ್ನು ಪರಿಶೀಲಿಸಿದರೆ, ಸ್ತ್ರೀಸ್ವಾತಂತ್ರ್ಯದ ಪಕ್ಷವನ್ನು ವಹಿಸಿದ ಕವಿಯೊಬ್ಬಳು ರೂಪುಗೊಂಡ ಕ್ರಮವೂ, ಅದರಲ್ಲಿ ಪಾಠದ ಕೊಠಡಿಗೆ ಸಲ್ಲತಕ್ಕ ಪಾಲೂ ಸ್ಪಷ್ಟವಾಗುವುವು.

ಏಡ್ರಿಯನ್ ರಿಚ್ 1929ನೆಯ ಇಸವಿ ಮೇ 16ರಂದು ಮೇರಿಲೆಂಡ್ ಸಂಸ್ಥಾನದ ಬಾಲ್ಟಿಮೋರ್ ಪಟ್ಟಣದಲ್ಲಿ ಜನಿಸಿದಳು. ತಂದೆ ಆರ್ನಲ್ಡ್ ರಿಚ್ ಯೆಹೂದಿ ಮನೆತನದವನು; ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ರೋಗನಿದಾನಶಾಸ್ತ್ರದ ಪ್ರಾಧ್ಯಾಪಕ. ತಾಯಿ ಹೆಲೆನ್ ಜೋನ್ಸ್ ದಕ್ಷಿಣ ಸೀಮೆಯ ಪ್ರಾಟೆಸ್ಟೆಂಟ್ ಕುಟುಂಬದವಳು. ಪಿಯಾನೋ ವಾದನದಲ್ಲಿ ನುರಿತವಳಾಗಿದ್ದರೂ ವಿವಾಹಾನಂತರ ಆ ವೃತ್ತಿಯನ್ನು ಬಿಟ್ಟುಕೊಟ್ಟಳು. ಬಾಲಕಿಯ ಮೊದಲ ವಿದ್ಯಾಭ್ಯಾಸವು ಮನೆಯಲ್ಲಿಯೇ ನಡೆಯಿತು. ತಂದೆಯ ಪುಸ್ತಕಭಂಡಾರವು ಆಕೆಗೆ ಶಾಲೆಯಾಯಿತು. ಬ್ಲೇಕ್, ಕೀಟ್ಸ್ ಮೊದಲಾದವರ ಪದ್ಯಗಳನ್ನು ನೋಡಿ ಬರೆಯುವುದು ಅಭ್ಯಾಸವಾಯಿತು. ತಂದೆಯು ವಿದ್ಯೆಯನ್ನು ಧಾರಾಳವಾಗಿ ಕೊಟ್ಟನು. ಅದರೊಡನೆ ತನ್ನ ಮೆಚ್ಚಿಕೆಯನ್ನೇ ಪ್ರಮಾಣವಾಗಿಯೂ ಕೊಟ್ಟನು. ಆ ಒಬ್ಬ ಪುರುಷನಿಗಾಗಿಯೇ ತಾನು ಸುಮಾರು ಇಪ್ಪತ್ತು ವರ್ಷ ಬರೆದುದಾಗಿ ಆಕೆ ಮುಂದೆ ಒಪ್ಪಿಕೊಂಡಿದ್ದಾಳೆ.

1951ರಲ್ಲಿ ರ‍್ಯಾಡ್‌ಕ್ಲಿಫ್ ಕಾಲೇಜಿನ ಪದವಿಯೂ ಮೊದಲ ಕವನಸಂಗ್ರಹದ ಪ್ರಕಟಣೆಯೂ ಒಟ್ಟಿಗೆ ಬಂದುವು. ಯೇಲ್ ವಿಶ್ವವಿದ್ಯಾನಿಲಯದವರು ತರುಣ ಕವಿಗಳಿಗಾಗಿ ನಡಸುತ್ತಿದ್ದ ಗ್ರಂಥಮಾಲೆಗೆ ಆ ವರ್ಷ ಅದನ್ನು ಆರಿಸಿದವನು ಪ್ರಸಿದ್ಧ ಕವಿ ಆಡೆನ್. ಅವನು ಬರೆದ ಪೀಠಿಕೆಯು ಇಂದು ವಿಚಿತ್ರವಾಗಿ ಕಾಣುವುದು: ಪದ್ಯಗಳ ಅಚ್ಚುಕಟ್ಟನ್ನೂ, ತಗ್ಗಿದ ದನಿಯನ್ನೂ, ಹಿರಿಯರಲ್ಲಿ ತೋರಿಸಿದ ಗೌರವವನ್ನೂ ಅವನು ಹೊಗಳಿದ್ದಾನೆ. ಒಳ್ಳೆಯ ಮನೆತನದ ಹುಡುಗಿಗೆ ಸಲ್ಲಿಸುವ ಪ್ರಶಂಸೆಯಂತೆ ಅದು ಇರುವುದು. ಆದರೂ ಆಡೆನ್ನನನ್ನು ದೂರುವುದು ನ್ಯಾಯವಲ್ಲ. ಆ ಪುಸ್ತಕದಲ್ಲಿ ಇದ್ದುದನ್ನೇ ಅವನು ಕಂಡನು. ಕಾಲೇಜಿನಲ್ಲಿ ಆಕೆಗೆ ಪಾಠ ಹೇಳಿದವರೆಲ್ಲರೂ ಪುರುಷರೇ ಎಂಬ ಸಂಗತಿಯನ್ನು ಇಲ್ಲಿ ನೆನೆಯಬೇಕು.

1953ರಲ್ಲಿ ಹಾರ್ವರ್ಡಿನ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಕಾನ್‌ರಡ್‌ನೊಡನೆ ವಿವಾಹವಾಯಿತು. 1955, 1957, 1959ರಲ್ಲಿ ಮೂವರು ಗಂಡುಮಕ್ಕಳು ಹುಟ್ಟಿದರು. ಇಪ್ಪತ್ತೆರಡನೆಯ ವಯಸ್ಸಿಗೇ ಕೀಲುವಾತವು ಕಾಣಿಸಿಕೊಂಡಿತ್ತು. 1955ರಲ್ಲಿ ಎರಡನೆಯ ಸಂಗ್ರಹವು ಹೊರಬಂದ ಮೇಲೆ ಮೂರನೆಯದಕ್ಕೆ ಎಂಟು ವರ್ಷ ಹಿಡಿಯಿತು. ಆ ಮೂರನೆಯ ಸಂಗ್ರಹಕ್ಕೆ ಹೆಸರನ್ನಿತ್ತ, ಸೊಸೆಯೊಬ್ಬಳ ಭಾವಚಿತ್ರಗಳೆಂಬ ಅರ್ಥದ ಶೀರ್ಷಿಕೆಯುಳ್ಳ ದೀರ್ಘಪದ್ಯವು 1958ರಿಂದ 1960ರ ವರೆಗೆ ತುಣುಕುತುಣುಕಾಗಿ ಬರೆಯಲ್ಪಟ್ಟಿತು. ಮಕ್ಕಳು ಹಗಲು ಮಲಗಿದಾಗ ದೊರೆತ ವಿರಾಮ, ಪುಸ್ತಕಾಲಯದಲ್ಲಿ ಕಳೆದ ಅಲ್ಪಕಾಲ, ಮಗು ಎದ್ದು ಅತ್ತ ಬಳಿಕ ನಿದ್ದೆ ಬಾರದ ಬೆಳಗಿನ ಜಾವ, ಇವೇ ಅದರ ರಚನಾಕಾಲಗಳು. ಪದ್ಯದ ಖಂಡಖಂಡವಾದ ರೂಪವನ್ನು ಕೆಲವರು ಹೊಸ ಶೈಲಿಯ ಅನುಕರಣವೆಂದು ಎಣಿಸಬಹುದು. ಬಿಡುವಿಲ್ಲದ ಗೃಹಿಣಿಯ ದಿನಚರಿಯು ಅದಕ್ಕಿಂತ ಹತ್ತಿರದ ಕಾರಣವಾಗಿದೆ. ಆ ಪದ್ಯದಲ್ಲಿ ‘ನಾನು’ ಎಂದು ಹೇಳುವ ಧೈರ್ಯವು ತನಗೆ ಇನ್ನೂ ಬಂದಿರಲಿಲ್ಲವೆಂದೂ, ಆದುದರಿಂದ ‘ಅವಳು’ ಎಂದೇ ಬರೆದೆನೆಂದೂ ಆಕೆ 1971ರ ಉಪನ್ಯಾಸವೊಂದರಲ್ಲಿ ತಿಳಿಸಿದ್ದಾಳೆ.

1966ರಲ್ಲಿ ಕುಟುಂಬವು ನ್ಯೂಯಾರ್ಕ್ ನಗರಕ್ಕೆ ಬಂದಿತು. ವಿಯೆಟ್ನಾಂ ಯುದ್ಧದ ಪ್ರತಿಭಟನೆಯ ಕಾಲವದು. 1968ರ ಏಪ್ರಿಲ್ ತಿಂಗಳಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದನು. ರಿಚ್ಚಳ ತಂದೆಯು ತೀರಿಕೊಂಡುದೂ ಅದೇ ವರ್ಷ. ಆ ಬೇಸಗೆಯ ಜುಲೈ ಆಗಸ್ಟ್ ತಿಂಗಳುಗಳಲ್ಲಿ ಆಕೆ ಬರೆದ ಪದ್ಯಮಾಲೆಯು ಭಾರತೀಯ ಓದುಗರಿಗೆ ವಿಶೇಷವಾಗಿ ಗಮನಾರ್ಹವಾದುದು. ದೆಹಲಿಯ ಉರ್ದು ಕವಿ ಗಾಲಿಬನು ತೀರಿಕೊಂಡು 1969ಕ್ಕೆ ನೂರು ವರ್ಷ ತುಂಬಲಿದ್ದಿತು. ಅದರ ನಿಮಿತ್ತವಾಗಿ ವಿಮರ್ಶಕ ಐಜಾಜ್ ಅಹ್ಮದನು ಗಾಲಿಬನ ಗಜಲುಗಳಿಗೆ ಶಬ್ದಶಃ ಗದ್ಯಾನುವಾದವನ್ನೂ ಟಿಪ್ಪಣಿಗಳನ್ನೂ ಸಿದ್ಧಪಡಿಸಿ, ಅಮೆರಿಕದ ಕೆಲವು ಕವಿಗಳಿಂದ ಇಂಗ್ಲಿಷ್ ಪದ್ಯಗಳನ್ನು ಬರೆಯಿಸಿದನು. ಉರ್ದು ಬಾರದ ರಿಚ್ ಅವರಲ್ಲಿ ಒಬ್ಬಳು. ಆ ಗ್ರಂಥವು 1971ರಲ್ಲಿ ಪ್ರಕಟವಾಯಿತು.

ಈ ಕೆಲಸದ ನಡುವೆ ಆಕೆ ಗಾಲಿಬನಿಗೆ ಕಾಣಿಕೆಯೆಂದು ತನ್ನವೇ ಆದ ಗಜಲುಗಳನ್ನೂ ರಚಿಸಿದಳು. ಅಂತ್ಯಪ್ರಾಸವನ್ನೂ ರದೀಫನ್ನೂ ಕೈಬಿಟ್ಟಳು. ಪ್ರತಿಯೊಂದು ದ್ವಿಪದಿಯೂ ಸ್ವತಂತ್ರವಾಗಿ ನಿಂತು ಉಳಿದವುಗಳೊಡನೆ ಒಳಗಿಂದೊಳಗೆ ಸಂಬಂಧಿಸಿರಬೇಕೆಂಬ ನಿಯಮವನ್ನು ಮಾತ್ರ ಉಳಿಸಿಕೊಂಡಳು. ಗಜಲಿನ ನಾದವನ್ನು ಬಲ್ಲವರು ಇದನ್ನು ಗಜಲೆನ್ನಲು ಹಿಂಜರಿಯಬಹುದು, ಅದು ತಪ್ಪೂ ಅಲ್ಲ. ಆದರೆ ಒಡೆದು ಚೂರಾದಂತೆ ತೋರುತ್ತಿದ್ದ ಒಂದು ಕಾಲವನ್ನು ಹಿಡಿದಿಡಲು ತಕ್ಕ ಪಾತ್ರೆಯು ಆಕೆಗೆ ದೆಹಲಿಯ ಕವಿಯಿಂದ ದೊರೆಯಿತು. ಈ ಪದ್ಯಗಳಿಗೆ ಬೇರೆ ಹೆಸರುಗಳಿಲ್ಲ. ಬರೆದ ತಿಂಗಳು, ದಿನ, ವರ್ಷಗಳೇ ಶೀರ್ಷಿಕೆಗಳು. ಪದ್ಯದ ಅಡಿಯಲ್ಲಿದ್ದ ಕಾಲವು ಇಲ್ಲಿ ನೆತ್ತಿಗೇರಿತು.

ಅದೇ 1968ರಲ್ಲಿ ಆಕೆ ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ‘ಸೀಕ್’ ಎಂಬ ಯೋಜನೆಯ ಅಧ್ಯಾಪಕಿಯಾದಳು. ಬಡತನದಲ್ಲಿ ಬೆಳೆದು, ಕೆಳಗಿನ ಶಾಲೆಗಳಲ್ಲಿ ಸಾಕಷ್ಟು ಶಿಕ್ಷಣವು ದೊರೆಯದಿದ್ದ ವಿದ್ಯಾರ್ಥಿಗಳನ್ನು, ಮುಖ್ಯವಾಗಿ ಕರಿಯರನ್ನೂ ಪೋರ್ಟೊರಿಕೊ ಮೂಲದವರನ್ನೂ, ಕಾಲೇಜಿನ ಪಾಠಕ್ಕೆ ಅಣಿಗೊಳಿಸುವುದು ಅದರ ಉದ್ದೇಶ. ಐವಿ ಲೀಗಿನ ಸಂಸ್ಥೆಗಳಲ್ಲಿ ಪಾಠ ಹೇಳಬಲ್ಲ ಕವಿಯು ವಾಕ್ಯರಚನೆಯ ಮೊದಲ ಪಾಠಗಳಿಗೆ ಇಳಿದುದು ಹಲವರಿಗೆ ಅಚ್ಚರಿಯೆನಿಸಿದ್ದಿರಬೇಕು. ಅಲ್ಲಿ ಮುಖ್ಯಸ್ಥೆಯಾಗಿದ್ದ ಮೈನಾ ಶಾನೆಸಿಯು ವಿದ್ಯಾರ್ಥಿಗಳ ತಪ್ಪುಗಳಲ್ಲಿಯೂ ಒಂದು ನ್ಯಾಯವಿದೆಯೆಂದು ಸಾಧಿಸಿ, 1977ರಲ್ಲಿ ಆ ವಿಷಯವಾಗಿ ಪ್ರಮಾಣಗ್ರಂಥವನ್ನೇ ಬರೆದಳು. ಕರಿಯ ಕವಯಿತ್ರಿಯರಾದ ಆಡ್ರಿ ಲಾರ್ಡ್, ಜೂನ್ ಜಾರ್ಡನ್ ಅಲ್ಲಿ ಸಹೋದ್ಯೋಗಿಗಳು. 1969ರಲ್ಲಿ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. 1970ರಲ್ಲಿ ನಗರದ ಪ್ರೌಢಶಾಲೆಗಳಲ್ಲಿ ತೇರ್ಗಡೆಯಾದವರಿಗೆಲ್ಲ ವಿಶ್ವವಿದ್ಯಾನಿಲಯದ ಬಾಗಿಲು ತೆರೆಯಿತು. (1976ರಲ್ಲಿ ನಗರದ ಹಣಕಾಸು ಕುಸಿದಾಗ, 1847ರಿಂದ ಪುಕ್ಕಟೆಯಾಗಿದ್ದ ಶಿಕ್ಷಣಕ್ಕೆ ಶುಲ್ಕವನ್ನು ವಿಧಿಸಿದರು.)

ಈ ಕೊಠಡಿಯ ಪರಿಣಾಮವು ಪದ್ಯಗಳಲ್ಲಿ ನೇರವಾಗಿಯೇ ಕಾಣುವುದು. 1971ರ ಸಂಗ್ರಹದಲ್ಲಿರುವ, ಪುಸ್ತಕದಹನವನ್ನು ಕುರಿತ ಪದ್ಯವೊಂದರಲ್ಲಿ ಬಡವರ ಸಂಕಟವನ್ನು ವರ್ಣಿಸುವ ಗದ್ಯಭಾಗವು ವಿದ್ಯಾರ್ಥಿಯೊಬ್ಬರ ಬರೆಹ. ಅದರ ಕಾಗುಣಿತದ ತಪ್ಪುಗಳನ್ನು ತಿದ್ದದೆ, ಅದನ್ನು ತನ್ನ ಪದ್ಯದ ಒಡಲೊಳಗೆ ಸೇರಿಸಿಕೊಂಡಳು. ಹಿರಿಯರ ಪದ್ಯಗಳನ್ನು ಪ್ರತಿಮಾಡಿ ಬೆಳೆದವಳು ಶಿಷ್ಯರ ವಾಕ್ಯವನ್ನು ಪ್ರತಿಮಾಡುವ ಸ್ಥಿತಿಗೆ ಬಂದಳು. ಭಾಷೆಯು ಅಧಿಕಾರದ ಸಾಧನ, ಅದನ್ನು ಕಲಿಸುವವರು ಅದರ ಹಂಚಿಕೆಗೂ ಹೊಣೆಗಾರರು ಎಂಬ ವಾದವನ್ನು 1972ರ ಪ್ರಬಂಧದಲ್ಲಿ ಆಕೆ ವಿಸ್ತರಿಸಿದಳು. ಸ್ತ್ರೀಯರ ವಿಷಯದಲ್ಲಿ ಆಕೆ ಮುಂದೆ ಹೇಳಿದ ಬಹಳಷ್ಟು ಮಾತು ಈ ಬಡ ವಿದ್ಯಾರ್ಥಿಗಳ ನಡುವೆ ಬೆಳೆದುದೆಂದು ಎಣಿಸಲು ಆಧಾರವಿದೆ.

ಪತಿಯಿಂದ ಬೇರೆಯಾದ ಕೆಲವೇ ತಿಂಗಳಲ್ಲಿ, 1970ರ ಅಕ್ಟೋಬರಿನಲ್ಲಿ, ಅವನು ಆತ್ಮಹತ್ಯೆ ಮಾಡಿಕೊಂಡನು. ಮುಳುಗಿದ ಹಡಗನ್ನು ಹುಡುಕುತ್ತ ಕಡಲಿಗೆ ಇಳಿಯುವ ಪದ್ಯವುಳ್ಳ ಸಂಗ್ರಹವು 1973ರಲ್ಲಿ ಹೊರಬಂದಿತು. ಅದಕ್ಕೆ 1974ರಲ್ಲಿ, ಅಲೆನ್ ಗಿನ್ಸ್‌ಬರ್ಗನ ಕೃತಿಯೊಡನೆ, ರಾಷ್ಟ್ರೀಯ ಗ್ರಂಥಪ್ರಶಸ್ತಿ ಬಂದಿತು. ರಿಚ್ ಅದನ್ನು ತಾನೊಬ್ಬಳೇ ಸ್ವೀಕರಿಸಲೊಪ್ಪದೆ, ಪ್ರಶಸ್ತಿಗೆ ಹೆಸರಾಗಿದ್ದ ಆಡ್ರಿ ಲಾರ್ಡ್, ಆಲಿಸ್ ವಾಕರ್ ಇವರೊಡನೆ ಕೂಡಿ ಬರೆದ ಹೇಳಿಕೆಯನ್ನು ಓದಿ, ಸಮಸ್ತ ಸ್ತ್ರೀಯರ ಪರವಾಗಿ ಅಂಗೀಕರಿಸಿದಳು.

ಮರುವರ್ಷದ ಆಯ್ದ ಪದ್ಯಗಳ ಸಂಪುಟದಲ್ಲಿ ಗ್ರಂಥಸಂಪಾದಕರು ಗಮನಿಸಬೇಕಾದ ಪಾಠಾಂತರಗಳಿವೆ. ತಾರುಣ್ಯದಲ್ಲಿ ‘ಅವನು’ ಎಂದು ಬರೆದಿದ್ದ ಒಂದೆರಡು ಕಡೆ ‘ಅವಳು’ ಎಂದು ತಿದ್ದಿದ್ದಾಳೆ. ಸರ್ವನಾಮವು ಬದಲಾದರೆ ಪದ್ಯದ ಅಳತೆಯೇ ಬೇರೆಯಾಗುವುದೆಂಬುದು ಆಕೆ ಕೊಟ್ಟ ಕಾರಣ. ಕಾಲವನ್ನು ಅಷ್ಟು ನಿಷ್ಠೆಯಿಂದ ಗುರುತಿಸಿದವಳು ಹಳೆಯ ಪಾಠವನ್ನು ತಿದ್ದಿದುದು ಸರಿಯೇ ಎಂಬ ಆಕ್ಷೇಪಕ್ಕೆ ಅವಕಾಶವಿದೆ. ತಿದ್ದಿದುದನ್ನು ಮುಚ್ಚಿಡದೆ ಟಿಪ್ಪಣಿಯಲ್ಲಿ ತಿಳಿಸಿರುವುದರಿಂದ ಆ ಆಕ್ಷೇಪದ ತೀಕ್ಷ್ಣತೆಯು ತಗ್ಗುವುದು.

1976ರಲ್ಲಿ ತಾಯ್ತನವನ್ನು ಕುರಿತ ಗದ್ಯಗ್ರಂಥವು ಪ್ರಕಟವಾಯಿತು. ತಾಯಿಯಾಗುವ ಅನುಭವವು ಒಂದು, ತಾಯ್ತನವೆಂಬ ಸಾಮಾಜಿಕ ವ್ಯವಸ್ಥೆಯು ಇನ್ನೊಂದು ಎಂಬ ವಿವೇಚನೆಯು ಅದರ ಜೀವಾಳ. ತನ್ನ ಮಕ್ಕಳ ಮೇಲೆ ತನಗೆ ಬಂದ ಕೋಪವನ್ನೂ ಅದರಲ್ಲಿ ಬಚ್ಚಿಡಲಿಲ್ಲ. ವಿಮರ್ಶಕರಲ್ಲಿ ಹಲವರು ಉಗ್ರವಾಗಿ ಖಂಡಿಸಿದರು. ಅದೇ ವರ್ಷದಿಂದ ಜಮೈಕದಲ್ಲಿ ಹುಟ್ಟಿದ ಲೇಖಕಿ ಮಿಶೆಲ್ ಕ್ಲಿಫ್ ಆಕೆಯ ಬಾಳಸಂಗಾತಿಯಾದಳು. ಸ್ತ್ರೀಪುರುಷಸಂಬಂಧವೊಂದೇ ಸಹಜವೆಂಬ ನಂಬಿಕೆಯನ್ನು ಪ್ರಶ್ನಿಸುವ 1980ರ ಪ್ರಬಂಧವು ಆಕೆಯ ಗದ್ಯದಲ್ಲಿ ಬಹಳ ಚರ್ಚೆಗೆ ಒಳಗಾದುದು. ರಟ್ಗರ್ಸ್, ಕಾರ್ನೆಲ್, ಸ್ಯಾನ್ ಹೋಸೆ ಮೊದಲಾದ ಕಡೆ ಕೆಲಸಮಾಡಿ, 1986ರಿಂದ 1993ರ ವರೆಗೆ ಸ್ಟ್ಯಾನ್‌ಫರ್ಡಿನಲ್ಲಿ ಪ್ರಾಧ್ಯಾಪಕಿಯಾಗಿದ್ದಳು. 1977ರಲ್ಲಿ ಡಗ್ಲಸ್ ಕಾಲೇಜಿನ ವಿದ್ಯಾರ್ಥಿನಿಯರಿಗೆ ಮಾಡಿದ ಭಾಷಣದಲ್ಲಿ, ವಿದ್ಯೆಯನ್ನು ಬೇಡಿ ಪಡೆಯದೆ ಹಕ್ಕಿನಿಂದ ಕೇಳಿ ತೆಗೆದುಕೊಳ್ಳಿರೆಂದು ಬೋಧಿಸಿದಳು.

‘ಅವಳು’ ಎಂಬಲ್ಲಿಂದ ‘ನಾನು’ ಎಂಬಲ್ಲಿಗೆ, ಅಲ್ಲಿಂದ ‘ನಾವು’ ಎಂಬಲ್ಲಿಗೆ ಬಂದ ಈಕೆ, 1984ರಲ್ಲಿ ಹಾಲೆಂಡಿನ ಉಟ್ರೆಖ್ಟ್ ಪಟ್ಟಣದ ಉಪನ್ಯಾಸದಲ್ಲಿ ಆ ‘ನಾವು’ ಎಂಬುದನ್ನೇ ವಿಚಾರಣೆಗೆ ಗುರಿಮಾಡಿದಳು. ಎಲ್ಲ ಸ್ತ್ರೀಯರ ಪರವಾಗಿ ಮಾತನಾಡುವಾಗ ಬಿಳಿಯ ಅಮೆರಿಕದವಳೊಬ್ಬಳು ತಾನು ನಿಂತ ನೆಲವನ್ನು ಮರೆಯುವಳೆಂದೂ, ತಾನೂ ಹಾಗೆ ಮರೆತಿದ್ದೆನೆಂದೂ ಒಪ್ಪಿಕೊಂಡಳು. ಹತ್ತು ವರ್ಷಗಳ ಹಿಂದೆ ಪ್ರಶಸ್ತಿಸಭೆಯಲ್ಲಿ ಆಡಿದ ಮಾತಿಗೆ ಇದು ತಿದ್ದುಪಡಿಯಂತಿದೆ.

1997ರ ಜುಲೈ 3ರ ಪತ್ರದಲ್ಲಿ, ಅಧ್ಯಕ್ಷ ಕ್ಲಿಂಟನ್ನನ ಸರಕಾರವು ನೀಡಲಿದ್ದ ರಾಷ್ಟ್ರೀಯ ಕಲಾಪದಕವನ್ನು ಆಕೆ ನಿರಾಕರಿಸಿದಳು. ದೇಶದಲ್ಲಿ ಸಂಪತ್ತೂ ಅಧಿಕಾರವೂ ಕೆಲವರ ಕೈಸೇರುತ್ತಿರುವಾಗ ಕೆಲವು ಕಲಾವಿದರನ್ನು ಮಾತ್ರ ಸನ್ಮಾನಿಸುವುದು ಅರ್ಥಹೀನವೆಂಬುದು ಅದರ ತಾತ್ಪರ್ಯ.

2012ನೆಯ ಇಸವಿ ಮಾರ್ಚ್ 27ರಂದು ಕ್ಯಾಲಿಫೋರ್ನಿಯದ ಸಾಂತಾ ಕ್ರೂಜ್ ಪಟ್ಟಣದಲ್ಲಿ, ಅರುವತ್ತು ವರ್ಷ ಬೆಂಬಿಡದಿದ್ದ ಕೀಲುವಾತದ ಉಪದ್ರವಗಳಿಂದ ಆಕೆ ಮೃತಳಾದಳು. 1950ರಿಂದ 2012ರ ವರೆಗಿನ ಪದ್ಯಗಳ ಸಮಗ್ರ ಸಂಪುಟವು 2016ರಲ್ಲಿ ಅಚ್ಚಾಯಿತು. ಇಸವಿಗಳು ಪದ್ಯಗಳ ಅಡಿಯಲ್ಲಿ ಇದ್ದಂತೆಯೇ ಇವೆ.