ಓನಾಮಕ್ಕೆ ಮುನ್ನ

1823ನೆಯ ಇಸವಿ ಆಗಸ್ಟ್ 17ರಂದು ಬಳ್ಳಾರಿಯ ಕಲೆಕ್ಟರು ಎ. ಡಿ. ಕ್ಯಾಂಪ್‌ಬೆಲ್ ಸಾಹೇಬರು ಮದರಾಸಿನ ರೆವಿನ್ಯೂ ಬೋರ್ಡಿಗೆ ಒಂದು ವರದಿಯನ್ನು ಬರೆದು ಕಳುಹಿಸಿದರು. ಸೀಮೆಯಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಾರೆ ಎಂಬುದನ್ನು ಪ್ರತಿಯೊಬ್ಬ ಕಲೆಕ್ಟರೂ ಎಣಿಸಿ ತಿಳಿಸಬೇಕೆಂದು ಅದರ ಹಿಂದಿನ ವರ್ಷ ಗವರ್ನರ್ ಸರ್ ಥಾಮಸ್ ಮನ್ರೋ ಬಯಸಿದ್ದರು. ಎಣಿಸಿ ಕಳುಹಿಸಿದ್ದರೆ ಕ್ಯಾಂಪ್‌ಬೆಲ್ಲರ ಕರ್ತವ್ಯ ಮುಗಿಯುತ್ತಿತ್ತು. ಆದರೆ ಅವರು ತೆಲುಗಿಗೆ ವ್ಯಾಕರಣ ಬರೆದ ಮನುಷ್ಯ. ಕಣ್ಣೂ ಕಿವಿಯೂ ತೆರೆದಿದ್ದ ಅಧಿಕಾರಿ. ನಮ್ಮ ಮಕ್ಕಳು ಮಠಕ್ಕೆ ಸೇರುವ ಮೊದಲ ದಿನ ಏನು ನಡೆಯುತ್ತದೆ ಎಂಬುದನ್ನೂ ಆ ಸರಕಾರಿ ಕಾಗದದಲ್ಲಿ ಅವರು ಬರೆದಿಟ್ಟರು. ಧರ್ಮಪಾಲರು 1983ರಲ್ಲಿ ಈ ಕಾಲದ ವರದಿಗಳನ್ನೆಲ್ಲ ಒಟ್ಟುಗೂಡಿಸಿ ಪುಸ್ತಕವಾಗಿ ಅಚ್ಚುಹಾಕಿಸಿದ್ದರಿಂದ ಅದು ಇಂದು ನಮಗೆ ಸುಲಭವಾಗಿ ಓದಲು ಸಿಕ್ಕುತ್ತದೆ.

ಕ್ಯಾಂಪ್‌ಬೆಲ್ಲರು ಕಂಡದ್ದು ಹೀಗೆ. ಮಗುವಿಗೆ ಐದು ವರ್ಷ ತುಂಬಿದಾಗ ತಂದೆತಾಯಿಗಳು ಮಠದ ಐಗಳನ್ನೂ ಅಲ್ಲಿ ಓದುವ ಹುಡುಗರನ್ನೂ ತಮ್ಮ ಮನೆಗೆ ಕರೆಯುತ್ತಾರೆ. ಎಲ್ಲರೂ ಗಣೇಶನ ವಿಗ್ರಹದ ಸುತ್ತ ದುಂಡಗೆ ಕುಳಿತುಕೊಳ್ಳುತ್ತಾರೆ. ವಿಗ್ರಹಕ್ಕೆ ಎದುರಾಗಿ ಮಗು. ಅದರ ಮಗ್ಗುಲಲ್ಲಿ ಐಗಳು. ಧೂಪ ನೈವೇದ್ಯಗಳಾದ ಮೇಲೆ ಐಗಳು ಮಗುವಿನ ಬಾಯಿಂದ ಪ್ರಾರ್ಥನೆ ಹೇಳಿಸಿ, ಅದರ ಬೆರಳನ್ನು ಹಿಡಿದು ಅಕ್ಕಿಯಲ್ಲಿ ದೇವರ ಹೆಸರನ್ನು ಬರೆಯಿಸುತ್ತಾರೆ. ಮನೆಯವರು ಶಕ್ತ್ಯನುಸಾರ ಕೊಟ್ಟದ್ದನ್ನು ತೆಗೆದುಕೊಂಡು ಹೊರಡುತ್ತಾರೆ. ಮಗು ಮಠದ ಮೆಟ್ಟಿಲು ಹತ್ತುವುದು ಮರುದಿನ ಬೆಳಿಗ್ಗೆ.

ಇದು ನಮಗೆಲ್ಲ ಗೊತ್ತಿರುವ ಅಕ್ಷರಾಭ್ಯಾಸವೇ ತಾನೇ ಎಂದು ವಾಚಕರು ಮುಂದಕ್ಕೆ ಹೋಗಬಾರದು. ನನ್ನ ಮನಸ್ಸು ನಿಂತದ್ದು ಅಕ್ಕಿಯ ಮೇಲಲ್ಲ, ಗಣಪತಿಯ ಮೇಲೂ ಅಲ್ಲ, ಹುಡುಗರ ಮೇಲೆ. ಮಗು ಶಾಲೆಗೆ ಹೋಗುವುದಕ್ಕೆ ಮೊದಲು ಶಾಲೆಯೇ ಮಗುವಿನ ಮನೆಗೆ ಬಂದಿತ್ತು. ತಾಯಿ ಒಳಬಾಗಿಲಲ್ಲಿ ನಿಂತಿರುವಾಗ, ಅಜ್ಜಿಯ ಸೆರಗು ಕೈಗೆ ಎಟುಕುವಷ್ಟು ದೂರದಲ್ಲಿರುವಾಗ, ಮಗು ತನ್ನ ಮೇಷ್ಟರ ಮುಖವನ್ನು ಕಂಡಿತು, ತನ್ನ ಮುಂದಿನ ಗೆಳೆಯರ ಮುಖಗಳನ್ನು ಕಂಡಿತು. ಮಾರನೆಯ ದಿನ ಮಠಕ್ಕೆ ಹೋದಾಗ ಅಲ್ಲಿ ಅಪರಿಚಿತರಿರಲಿಲ್ಲ. ಶಾಲೆಗೆ ಮಗುವನ್ನು ಸಿದ್ಧಗೊಳಿಸುವುದೆಂದರೆ ಏನು ಎಂಬ ಪ್ರಶ್ನೆಗೆ ನಮ್ಮ ಹಿರಿಯರು ಶಾಸ್ತ್ರದ ನೆಪದಲ್ಲಿ ಕೊಟ್ಟುಕೊಂಡ ಉತ್ತರ ಇದು ಎಂದು ನನಗೆ ತೋರುತ್ತದೆ. ಐದು ವರ್ಷದವರೆಗೆ ಓದಿನ ಮಾತಿಲ್ಲ. ಚೌಲವಾದ ಮೇಲೆ ಲಿಪಿಯನ್ನೂ ಎಣಿಕೆಯನ್ನೂ ಕಲಿಸಬೇಕೆಂದು ಕೌಟಿಲ್ಯನು ಅರಸುಮಕ್ಕಳಿಗೆ ವಿಧಿಸಿದ್ದಾನಷ್ಟೆ. ಅದಕ್ಕೆ ಮುಂಚಿನ ಕಾಲವನ್ನು ಅವನೂ ಮಗುವಿಗೇ ಬಿಟ್ಟಿದ್ದಾನೆ.

ಇನ್ನು ಮರುದಿನದ ಬೆಳಗು. ಅದನ್ನು ಮುಚ್ಚಿಟ್ಟರೆ ಚರಿತ್ರೆಗೆ ಅನ್ಯಾಯವಾದೀತು. ಮಠದ ಬಾಗಿಲು ತೆರೆಯುವುದು ಆರು ಗಂಟೆಗೆ. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು, ಅದು ಮರ್ಯಾದೆ. ಎರಡನೆಯವನ ಅಂಗೈಯಲ್ಲಿ ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಮಠಕ್ಕೆ ಸರಾಸರಿ ಹನ್ನೆರಡು ಹುಡುಗರಿದ್ದರೆಂದು ವರದಿಯೇ ಹೇಳುವುದರಿಂದ ಕಡೆಗೆ ಬಂದವನ ಪಾಡನ್ನು ಊಹಿಸಿಕೊಳ್ಳಬಹುದು. ಸೋಮಾರಿಗೆ ಬಸ್ಕಿ, ಇಲ್ಲವೆ ಎರಡು ಕೈಗಳನ್ನೂ ಕಟ್ಟಿ ಮಾಡಿಗೆ ಎಳೆದು ತೂಗುಬಿಡುವುದು. ನಮ್ಮ ಅಜ್ಜಂದಿರು ಕೋದಂಡ ಎನ್ನುತ್ತಿದ್ದ ಶಿಕ್ಷೆ ಅದೇ. ನಿನ್ನೆ ಮನೆಯಲ್ಲಿ ಬೆರಳು ಹಿಡಿದು ತಿದ್ದಿಸಿದ ಕೈ, ಇಂದು ನಾಗರಬೆತ್ತ ಹಿಡಿದಿದೆ. ಬರಮಾಡಿಕೊಳ್ಳುವುದನ್ನು ಇಷ್ಟು ಚೆನ್ನಾಗಿ ಬಲ್ಲ ಜನಕ್ಕೆ ಉಳಿಸಿಕೊಳ್ಳುವುದು ಹೇಗೆ ತಿಳಿಯದೆ ಹೋಯಿತೋ!

ಕಲಿಸುವ ರೀತಿಯಲ್ಲಿ ಮಾತ್ರ ಜಾಣತನವಿತ್ತು. ಯೂರೋಪಿನವರಂತೆ ಅಕ್ಷರಗಳನ್ನು ಬಾಯಲ್ಲಿ ಒದರಿಸದೆ, ನೆಲದ ಮೇಲೆ ಮರಳು ಹರಡಿ ಬೆರಳಿನಿಂದಲೇ ಬರೆಯಿಸುತ್ತಿದ್ದರು. ಬೆರಳು ಪಳಗಿದ ಮೇಲೆ ಹಲಗೆ ಇಲ್ಲವೆ ಕಡತ. ಹಲಗೆಗೆ ಅನ್ನವನ್ನೂ ಇದ್ದಲಿನ ಪುಡಿಯನ್ನೂ ಬಳಿಯುತ್ತಿದ್ದರು. ಕಡತವೆಂದರೆ ಗಂಜಿ ಹಾಕಿ ಬಿರುಸು ಮಾಡಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಲು ಅಂಟುಗಳನ್ನು ಲೇಪಿಸಿದ್ದು. ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರೆಸಿದರೆ ಆಯಿತು. ಇಂದು ವಿಧಾನಸೌಧದ ಮೇಜಿನಿಂದ ಮೇಜಿಗೆ ತೆವಳುವ ಕಡತವು ಒಂದು ಕಾಲಕ್ಕೆ ಹುಡುಗರ ಕಂಕುಳಲ್ಲಿ ಓಡಾಡುತ್ತಿತ್ತೆಂದು ನಾನು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಗಳು ನಗುತ್ತಾರೆ. ಮದರಾಸಿನ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಇಂಥದೇ ಮರಳ ಬರಹವನ್ನು ಕಂಡು, ಅದನ್ನು ತನ್ನ ಶಾಲೆಗೆ ತಂದು, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಬರೆದ. ಆಮೇಲೆ ಇಂಗ್ಲೆಂಡಿನ ಬಡಮಕ್ಕಳೂ ಮರಳಿನಲ್ಲಿ ತಿದ್ದಿದರು.

ಆದರೆ ಈ ಭಾಗ್ಯ ಯಾರಿಗೆ? ಆಗಿನ ಬಳ್ಳಾರಿ ಜಿಲ್ಲೆಯಲ್ಲಿ 9,27,857 ಜನ. 533 ಶಾಲೆಗಳು, ಅವುಗಳಲ್ಲಿ ಕನ್ನಡದವು 235. ಓದುವವರು ಒಟ್ಟು 6,641. ಸಾವಿರಕ್ಕೆ ಏಳು ಮಂದಿ! ಧರ್ಮಪಾಲರ ಪುಸ್ತಕವನ್ನು ಓದಿ ಹಿಂದಿನದೆಲ್ಲ ಹೊನ್ನೆಂದು ಉಬ್ಬುವವರು ಈ ಏಳನ್ನು ಮರೆಯಬಾರದು. ಹಾಗೆಯೇ, ಹಿಂದೆ ಮಠವಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಅದು ಇಲ್ಲವೆಂದೂ, ಯೂರೋಪಿನ ಗಿರಣಿಬಟ್ಟೆ ಬಂದು ಇಲ್ಲಿಯ ನೇಕಾರರ ಬಾಳು ಕೆಟ್ಟದ್ದು ಅದಕ್ಕೆ ಒಂದು ಕಾರಣವೆಂದೂ, ಎಳೆಯ ಮೈ ದುಡಿಯಬಲ್ಲದಾದೊಡನೆ ಮಕ್ಕಳನ್ನು ಕೂಲಿಗೆ ಹಚ್ಚುತ್ತಾರೆಂದೂ ಕ್ಯಾಂಪ್‌ಬೆಲ್ಲರು ತಮ್ಮ ಸರಕಾರಕ್ಕೆ ನಿರ್ದಾಕ್ಷಿಣ್ಯವಾಗಿ ಬರೆದದ್ದನ್ನೂ ಮರೆಯಬಾರದು.

ವಿಚಿತ್ರವೆಂದರೆ, ನಮ್ಮ ನೇಕಾರರ ಅನ್ನಕ್ಕೆ ಕಲ್ಲು ಹಾಕಿದ ಆ ಹತ್ತಿಗಿರಣಿಗಳ ಯುಗದಲ್ಲೇ, ಅಂಥದೊಂದು ಗಿರಣಿಯ ಅಂಗಳದಲ್ಲೇ, ಶಿಶುಶಾಲೆ ಹುಟ್ಟಿತು. ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಎಂಬಲ್ಲಿ ಗಿರಣಿಯ ಒಡೆಯನಾಗಿದ್ದ ರಾಬರ್ಟ್ ಓವೆನ್ 1816ರ ಜನವರಿ 1ರಂದು ತನ್ನ ಕೆಲಸಗಾರರ ಮಕ್ಕಳಿಗಾಗಿ ಒಂದು ಮಂದಿರವನ್ನು ತೆರೆದ. ಆಗತಾನೆ ನಡೆಯಲು ಕಲಿತ ಕೂಸುಗಳೂ ಅಲ್ಲಿಗೆ ಬರಬಹುದಾಗಿತ್ತು. ಅವುಗಳನ್ನು ನೋಡಿಕೊಳ್ಳಲು ಓವೆನ್ ಆರಿಸಿದ್ದು ಪಂಡಿತರನ್ನಲ್ಲ. ಜೇಮ್ಸ್ ಬುಕಾನನ್ ಎಂಬ ಬಡ ನೇಕಾರನನ್ನು, ಮಾಲಿ ಯಂಗ್ ಎಂಬ ಹದಿನೇಳು ವರ್ಷದ ಹುಡುಗಿಯನ್ನು. ನೇಕಾರನಿಗೆ ಓದುಬರಹ ಅಷ್ಟಕ್ಕಷ್ಟೆ. ಆದರೆ ಮಕ್ಕಳೆಂದರೆ ಪ್ರಾಣ. ಮಗುವನ್ನು ಎಂದೂ ಹೊಡೆಯಬಾರದು, ಗದರಿಸಲೂ ಬಾರದು, ಪುಸ್ತಕ ಹಿಡಿಸಿ ಪೀಡಿಸಬಾರದು. ಜೊತೆಯ ಮಗುವನ್ನು ಸಂತೋಷಪಡಿಸುವುದನ್ನು ಕಲಿಸಿದರೆ ಸಾಕು. ಇಷ್ಟೇ ಅವರಿಗಿದ್ದ ಕಟ್ಟಳೆ. ಬಳ್ಳಾರಿಯ ಮಠದಲ್ಲಿ ಕಡೆಗೆ ಬಂದವನ ಏಟು ಎಣಿಸುತ್ತಿದ್ದ ವರ್ಷಗಳಲ್ಲಿಯೇ ಅಲ್ಲಿ ಮಕ್ಕಳು ಕೈಕೈ ಹಿಡಿದು ಕುಣಿಯುತ್ತಿದ್ದವು. ಅಂದಮಾತ್ರಕ್ಕೆ ಓವೆನ್ನನನ್ನು ಋಷಿಯೆಂದು ತಿಳಿಯಬೇಕಾಗಿಲ್ಲ. ಹತ್ತು ವರ್ಷ ತುಂಬಿದ ಮಕ್ಕಳು ಅವನ ಗಿರಣಿಯಲ್ಲೂ ಕೆಲಸಕ್ಕೆ ಹೋಗುತ್ತಿದ್ದರು.

ಜರ್ಮನಿಯ ಫ್ರೋಬೆಲ್ ಒಂಬತ್ತು ತಿಂಗಳ ಕೂಸಾಗಿದ್ದಾಗ ತಾಯಿಯನ್ನು ಕಳೆದುಕೊಂಡವನು. ಬಹುಶಃ ಅದಕ್ಕೇ ತಾಯಿಯ ಮಡಿಲನ್ನೇ ಶಾಲೆಯಾಗಿ ಮಾಡಲು ಹೊರಟ. 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ತನ್ನ ಕೆಲಸ ಆರಂಭಿಸಿ, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಮಕ್ಕಳ ತೋಟ, ಎಂದು ಹೆಸರಿಟ್ಟ. ಅವನು ಮಗುವಿನ ಕೈಗೆ ಮೊದಲು ಕೊಟ್ಟದ್ದು ಮೆತ್ತಗಿನ ನೂಲಿನ ಚೆಂಡು. ಇಂಥ ನಿರಪಾಯದ ವಸ್ತುವಿನಲ್ಲಿ ಪ್ರಷ್ಯದ ಸರಕಾರಕ್ಕೆ ನಾಸ್ತಿಕತೆಯೂ ಸಮಾಜವಾದವೂ ಕಂಡವು. 1851ರಲ್ಲಿ ಶಿಶುತೋಟಗಳನ್ನು ನಿಷೇಧಿಸಿತು. ಮುದುಕ ಮರುವರ್ಷವೇ ತೀರಿಕೊಂಡ. ನಿಷೇಧ ಹೋದದ್ದು 1860ರಲ್ಲಿ.

ಓವೆನ್ನನ ನಾಡಿನಲ್ಲಿ ಆಮೇಲೆ ಏನಾಯಿತೆಂಬುದು ಹೆಚ್ಚು ಬೋಧಪ್ರದ. ಶಿಶುಶಾಲೆಯೆಂಬ ಹೆಸರು ಉಳಿಯಿತು, ಶಿಶು ಮಾಯವಾಯಿತು. ಮೂರು ನಾಲ್ಕು ವರ್ಷದ ಮಕ್ಕಳನ್ನು ಮೆಟ್ಟಿಲುಮೆಟ್ಟಿಲಾದ ಹಲಗೆಗಳ ಮೇಲೆ ಸಾಲಾಗಿ ಕೂರಿಸಿ, ಮುಂದಿನ ತರಗತಿಗೆ ಅಣಿಮಾಡುತ್ತೇವೆಂದು ಒಕ್ಕೊರಲಿನಲ್ಲಿ ಪಾಠ ಹೇಳಿಸತೊಡಗಿದರು. ಕಡೆಗೆ ಸರಕಾರವೇ ಕೆಲವು ಮಂದಿ ಮಹಿಳಾ ಇನ್‌ಸ್ಪೆಕ್ಟರುಗಳನ್ನು ಕಳುಹಿಸಿ ನೋಡಿಸಿತು. 1905ರಲ್ಲಿ ಹೊರಬಂದ ಅವರ ವರದಿ, ಮೂರರಿಂದ ಐದು ವರ್ಷದ ಮಕ್ಕಳಿಗೆ ಇಂಥ ಪಾಠದಿಂದ ಬುದ್ಧಿಯ ಲಾಭ ಏನೂ ಆಗುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿತು. ನಮ್ಮ ನಗರಗಳ ಎಷ್ಟೋ ನರ್ಸರಿಗಳ ಆಡಳಿತದವರಿಗೆ ಈ ವರದಿಯ ಒಂದು ಪ್ರತಿಯನ್ನು ಕಳುಹಿಸಬೇಕೆಂದು ನನಗೆ ಆಸೆ.

ರೋಮಿನ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಡಾಕ್ಟರ್ ಮರಿಯಾ ಮಾಂಟೆಸರಿ ಮಕ್ಕಳ ಮನೆಯನ್ನು ತೆರೆದದ್ದು ಇದಾದ ಎರಡನೆಯ ವರ್ಷ, 1907ರ ಜನವರಿ 6ರಂದು. ಆಕೆಯ ವಿಚಾರ ಎಲ್ಲರೂ ಬಲ್ಲದ್ದು. ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಮಗು ಗುಂಡಿ ಹಾಕುತ್ತದೆ, ನೀರು ಬಗ್ಗಿಸುತ್ತದೆ, ಮರದ ಗುಬುಟುಗಳನ್ನು ಮೂರು ಬೆರಳಿನಲ್ಲಿ ಹಿಡಿದು ಎತ್ತಿಡುತ್ತದೆ. ಲೇಖನಿ ಹಿಡಿಯುವ ಹದ ಲೇಖನಿಯಿಲ್ಲದೆಯೇ ಕೈಗೆ ಬರುತ್ತದೆ. ಆಮೇಲೆ ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಅದು ಬೆರಳಾಡಿಸುತ್ತದೆ. ಬಳ್ಳಾರಿಯ ಐಗಳು ಅದನ್ನು ನೋಡಿದ್ದರೆ, ನಮ್ಮ ಮರಳೇ ಅಲ್ಲವೆ ಇದು ಎನ್ನುತ್ತಿದ್ದರು. ಬೆತ್ತ ಎಲ್ಲಿ ಎಂದು ಸುತ್ತಮುತ್ತ ಹುಡುಕುತ್ತಲೂ ಇದ್ದರು.

ಮಾಂಟೆಸರಿಯವರು 1939ರಲ್ಲಿ ಅಡ್ಯಾರಿಗೆ ಬಂದು ಶಿಕ್ಷಕರನ್ನು ತರಬೇತುಗೊಳಿಸಿದರು. ಆದರೆ ಅದಕ್ಕೂ ಬಹಳ ಮೊದಲೇ, 1920ರಲ್ಲಿ, ವಕೀಲಿ ವೃತ್ತಿಯನ್ನು ಬಿಟ್ಟುಬಂದ ಗಿಜುಭಾಯಿ ಬಧೇಕಾ ಅವರು ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದಿದ್ದರು. ನಮ್ಮಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳೊಡನೆ ನಡೆಸಿದ ಪ್ರಯೋಗಗಳೂ ಇದೇ ಗಾಳಿಯಲ್ಲಿ ಹುಟ್ಟಿದವು. ಗಿಜುಭಾಯಿಯವರ ಜೊತೆ ದುಡಿದ ತಾರಾಬಾಯಿ ಮೋಡಕ್ ಅವರು 1945ರಲ್ಲಿ ಥಾಣೆ ಜಿಲ್ಲೆಯ ಬೋರ್ಡಿ ಎಂಬ ಹಳ್ಳಿಗೆ ಹೋದರು. ಅಲ್ಲಿ ಬಾಲವಾಡಿ ತೆರೆದು ಕುಳಿತರೆ ಬಡವರ ಮಕ್ಕಳು ಬರಲಿಲ್ಲ. ಬರುವುದೆಂತು? ಕಂಕುಳಲ್ಲಿ ತಮ್ಮನೋ ತಂಗಿಯೋ. ತಾಯಿ ಕೂಲಿಗೆ ಹೋಗಿದ್ದಾಳೆ. ಗುಡಿಸಲು ಕಾಯುವವರು ಯಾರು? ಮಕ್ಕಳು ಬಾರದಿದ್ದರೆ ನಾವೇ ಹೋಗೋಣವೆಂದು ತಾರಾಬಾಯಿಯವರೂ ಅವರ ಸಂಗಾತಿ ಅನುತಾಯಿ ವಾಘರೂ ಬಾಲವಾಡಿಯನ್ನೇ ಕೇರಿಯ ಅಂಗಳಕ್ಕೆ ಹೊತ್ತುಕೊಂಡು ಹೋದರು. ವಿಲಾಯಿತಿ ಸಾಮಾನಿಗೆ ದುಡ್ಡಿಲ್ಲ. ಬೀಜ, ಎಲೆ, ಬೆಣಚುಕಲ್ಲು, ಕಪ್ಪೆಚಿಪ್ಪು ಇವೇ ಪಾಠೋಪಕರಣ. ಅಂಗಳದಲ್ಲಿ ನಡೆದದ್ದರಿಂದ ಅದಕ್ಕೆ ಅಂಗನವಾಡಿ ಎಂಬ ಹೆಸರು ನಿಂತಿತು. ಬಳ್ಳಾರಿಯಲ್ಲಿ ಸಾವಿರಕ್ಕೆ ಏಳು ಮಂದಿಯ ಮನೆಗೆ ಒಂದು ದಿನದ ಮಟ್ಟಿಗೆ ಬಂದಿದ್ದ ಶಾಲೆ, ಇಲ್ಲಿ ಉಳಿದವರ ಮನೆಬಾಗಿಲಿಗೆ ದಿನವೂ ಬಂತು. 1975ರ ಅಕ್ಟೋಬರ್ 2ರಂದು ಭಾರತ ಸರಕಾರ 33 ಕಡೆಗಳಲ್ಲಿ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ ಅದರ ಕೇಂದ್ರಗಳಿಗೆ ಈ ಹೆಸರನ್ನೇ ಇಟ್ಟಿತು. ಆ ಮೊದಲಿನವುಗಳಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಒಂದು.

ಈಗ ಪೇಟೆಯ ಮಾತು. ಮಗುವನ್ನಾಗಲಿ ತಂದೆತಾಯಿಗಳನ್ನಾಗಲಿ ಪರೀಕ್ಷೆ ಮಾಡಿ ಸೇರಿಸಿಕೊಳ್ಳಕೂಡದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆ ಹೇಳುತ್ತದೆ. ಆದರೂ ನಮ್ಮ ಬೀದಿಯ ಮೂರೂವರೆ ವರ್ಷದ ಹುಡುಗಿಯೊಬ್ಬಳನ್ನು ಒಂದು ಶಾಲೆಯವರು ‘ಸುಮ್ಮನೆ ಮಾತಾಡಿಸಲು’ ಕರೆಸಿ, ಬಣ್ಣದ ಕಾಗದ ತೋರಿಸಿ ಇಂಗ್ಲಿಷಿನಲ್ಲಿ ಹೆಸರು ಕೇಳಿದರಂತೆ. ಸೊಪ್ಪಿನವಳ ಗಾಡಿ ಬಂದೊಡನೆ ಓಡಿಹೋಗಿ ‘ನೇರಳೆ ಬದನೆಕಾಯಿ ಬೇಡ, ಹಸಿರುದು ಕೊಡಿ’ ಎಂದು ಆರಿಸುವ ಹುಡುಗಿ ಅಲ್ಲಿ ಬಾಯಿ ಬಿಡಲಿಲ್ಲ. ಮಗು ಇನ್ನೂ ತಯಾರಾಗಿಲ್ಲ ಎಂದು ಹೇಳಿ ಕಳುಹಿಸಿದರು. ಅಂದಿನಿಂದ ಸಂಜೆ ಅವಳಿಗೆ ಆಟವಿಲ್ಲ, ಟ್ಯೂಷನ್. ಅವಳ ತಾಯಿಯನ್ನು ನಾನು ದೂರುವುದಿಲ್ಲ. ಆ ತಾಯಿಯ ಎದೆಯಲ್ಲಿ ಭಯ ಬಿತ್ತಿ, ಅದರ ಬೆಳೆಯನ್ನು ಫೀಜಿನ ರೂಪದಲ್ಲಿ ಕೊಯ್ದುಕೊಳ್ಳುವವರು ಬೇರೆ ಇದ್ದಾರೆ. ಒಂದನೆಯ ತರಗತಿಯ ಮೊದಲ ಮೂರು ತಿಂಗಳನ್ನು ಆಟದಲ್ಲೇ ಕಳೆಯಬೇಕೆಂದು 2021ರಲ್ಲಿ ಕೇಂದ್ರ ಸರಕಾರ ‘ವಿದ್ಯಾಪ್ರವೇಶ’ ಎಂಬ ಕ್ರಮವನ್ನು ಹೊರತಂದಿದೆ. ಓವೆನ್ ನೋಡಿದ್ದರೆ ಮೆಚ್ಚುತ್ತಿದ್ದ. ಆದರೆ ಅಂಥ ಮೂರು ತಿಂಗಳಿಗಾಗಿ ಕಾಯುವ ತಾಳ್ಮೆ ನಮ್ಮ ಬಡಾವಣೆಗಳಲ್ಲಿ ನನಗಂತೂ ಕಾಣಲಿಲ್ಲ.

ಕಂಡದ್ದು ನಮ್ಮಕ್ಕನ ಊರಿನಲ್ಲಿ. ಅಲ್ಲಿಯ ಅಂಗನವಾಡಿಯ ಮೇಡಂ ಪ್ರತಿ ವರ್ಷ ಮಾರ್ಚಿಯಲ್ಲಿ, ಜೂನಿಗೆ ಒಂದನೆಯ ತರಗತಿ ಸೇರಲಿರುವ ಏಳೆಂಟು ಮಕ್ಕಳನ್ನು ಸಾಲುಮಾಡಿಕೊಂಡು ಪಕ್ಕದ ಸರಕಾರಿ ಶಾಲೆಗೆ ನಾಲ್ಕೈದು ಸಲ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಪಾಠವೇನೂ ಇಲ್ಲ. ಮಕ್ಕಳು ಜಗಲಿಯ ಮೇಲೆ ಕುಳಿತು ಮಂಡಕ್ಕಿ ತಿನ್ನುತ್ತವೆ, ನಲ್ಲಿಯಲ್ಲಿ ನೀರು ಕುಡಿಯುತ್ತವೆ, ಪಾಯಖಾನೆಯ ಬಾಗಿಲಿನ ಚಿಲಕ ಹಾಕುವುದನ್ನೂ ತೆಗೆಯುವುದನ್ನೂ ಒಬ್ಬೊಬ್ಬರಾಗಿ ಅಭ್ಯಾಸ ಮಾಡುತ್ತವೆ. ಆ ಚಿಲಕದ ಹೆದರಿಕೆಯಿಂದಲೇ ಎಷ್ಟೋ ಮಕ್ಕಳು ಜೂನಿನಲ್ಲಿ ಮನೆಗೆ ಓಡಿಬರುತ್ತವೆಂದು ಆಕೆ ನನಗೆ ಹೇಳಿದರು. ದೊಡ್ಡ ತರಗತಿಯ ಹುಡುಗರು ಪಾಠದ ನಡುವೆ ಕಿಟಕಿಯಿಂದ ಕತ್ತು ಹಾಕಿ, ‘ಏ ಪುಟ್ಟಿ, ನಮ್ ಶಾಲೆಗ್ ಬತ್ತೀಯೇನೇ?’ ಎಂದು ಕೂಗುತ್ತಾರೆ. ಹೆಡ್‌ಮಾಸ್ತರರು ಹೊರಗೆ ಬಂದು ಪ್ರತಿ ಮಗುವಿನ ಹೆಸರು ಕೇಳುತ್ತಾರೆ. ನಾನು ಹೋಗಿದ್ದ ದಿನ ಅವರು ಕೇಳಿದ್ದು ಮೂರನೆಯ ಸಲವಂತೆ. ಮಕ್ಕಳು ಹೆಸರು ಹೇಳಲಿಲ್ಲ, ‘ಆಗ್ಲೇ ಹೇಳೀವಲ್ಲ ಸಾರ್’ ಎಂದವು.