ಕೂಲಿಮಠ

‘ಕೂಲಿ’ ಅಚ್ಚಗನ್ನಡ, ‘ಮಠ’ ಸಂಸ್ಕೃತ. ಊರವರು ಕೊಡುವ ದವಸವನ್ನೋ ಪುಡಿಗಾಸನ್ನೋ ಪಡೆದು ಐಗಳು, ಅಂದರೆ ಮೇಷ್ಟ್ರು, ಪಾಠ ಹೇಳುತ್ತಿದ್ದ ಜಾಗವೇ ಕೂಲಿಮಠ. ಹೆಸರು ಮಠವಾದರೂ ಸನ್ಯಾಸಿಗಳು ಇರಬೇಕೆಂದೇನಿರಲಿಲ್ಲ, ಮನೆಯ ಜಗಲಿ, ಗುಡಿಯ ಪಡಸಾಲೆ ಸಾಕಿತ್ತು. ಮರಳಲ್ಲಿ ಅಕ್ಷರ ತಿದ್ದಬೇಕು, ಮಗ್ಗಿ ಒಪ್ಪಿಸಬೇಕು, ಮುಂದೆ ಕಪ್ಪು ಬಟ್ಟೆಯ ಕಡತದ ಮೇಲೆ ಬಳಪದಲ್ಲಿ ಬರೆಯಬೇಕು. ತಪ್ಪಿದರೆ ತೊಲೆಗೆ ಕಟ್ಟಿದ ಹಗ್ಗ ಹಿಡಿದು ನೇತಾಡುವ ‘ಕೋದಂಡ’ ಶಿಕ್ಷೆ!

ಹಳಬರು ಈ ಮಠಗಳನ್ನು ನೆನೆದು ಕರಗುವುದುಂಟು. ಆದರೆ ಅಲ್ಲಿ ಹೆಣ್ಣುಮಕ್ಕಳು ಅಪರೂಪ. ದಲಿತರ ಮಕ್ಕಳಿಗಂತೂ ಬಾಗಿಲು ಮುಚ್ಚಿತ್ತು. ಹೆಸರೇ ಹೇಳುವಂತೆ, ಕೂಲಿ ಕೊಡಲಾಗದವರಿಗೂ ಕಷ್ಟವೇ. ಸರ್ಕಾರ ಹಳ್ಳಿಶಾಲೆಗೆ ಕೈಹಾಕಿದ್ದು ತಡವಾಗಿ: ಮೈಸೂರು ಸೀಮೆಯಲ್ಲಿ ಶಿಕ್ಷಣಾಧಿಕಾರಿ ಬಿ.ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆ ಮಂಜೂರಾದದ್ದು 1868ರಲ್ಲಿ. ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂದದ್ದು 1913ರಲ್ಲಿ.