ಮಾತ್ರೆಯ ಹಿಂದೆ ಬಂದ ಮಾತು

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಿಂಗಳ ಸಭೆ ಎಂದರೆ ಲೆಕ್ಕ ಒಪ್ಪಿಸುವ ದಿನ. ಹೆರಿಗೆ ಎಷ್ಟಾದವು, ಚುಚ್ಚುಮದ್ದು ಎಷ್ಟು ಮಕ್ಕಳಿಗೆ ಬಿತ್ತು, ಮಲೇರಿಯಾ ಪರೀಕ್ಷೆಗೆ ಎಷ್ಟು ಜನರ ರಕ್ತ ತೆಗೆದಿರಿ, ಸಂತಾನಹರಣ ಚಿಕಿತ್ಸೆಯ ಗುರಿ ಎಲ್ಲಿಗೆ ಬಂತು? 1985ರಿಂದ ಬಳ್ಳಾರಿ ಜಿಲ್ಲೆಯ ವೈದ್ಯರು ಇದೇ ಸಭೆಯಲ್ಲಿ ಇನ್ನೂ ಒಂದು ಲೆಕ್ಕ ಹೇಳಬೇಕಾಯಿತು. ಮನೋರೋಗಿಗಳು ಎಷ್ಟು ಮಂದಿ ಗುರುತಾದರು, ಮೂರ್ಛೆರೋಗದವರು ಎಷ್ಟು, ಅವರಲ್ಲಿ ನಡುವೆ ಬಿಡದೆ ಔಷಧ ತೆಗೆದುಕೊಳ್ಳುತ್ತಿರುವವರು ಯಾರು? ಜಿಲ್ಲಾ ಆರೋಗ್ಯಾಧಿಕಾರಿಗಳು ತಿಂಗಳು ತಿಂಗಳೂ ಅದನ್ನು ಪರಿಶೀಲಿಸುತ್ತಿದ್ದರು. ಮನೆಯ ಹಿಂದಿನ ಕೋಣೆಯಲ್ಲಿ ಬಚ್ಚಿಟ್ಟು ನೆರೆಮನೆಗೂ ತಿಳಿಯದಂತೆ ನೋಡಿಕೊಳ್ಳುತ್ತಿದ್ದ ಸಂಗತಿಯೊಂದು ಮಲೇರಿಯಾದ ಸಾಲಿನಲ್ಲೇ ಬಂದು ಕೂತಿತು.

ಇದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ರಾಜ್ಯ ಸರ್ಕಾರದ ಜೊತೆಗೂಡಿ ಮಾಡಿದ ಪ್ರಯೋಗ. ಐದು ವರ್ಷ, 1990ರವರೆಗೆ ನಡೆಯಿತು. ಇವತ್ತು ದೇಶದ 700ಕ್ಕೂ ಹೆಚ್ಚು ಜಿಲ್ಲೆಗಳಲ್ಲಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೂಲ ಮಾದರಿ ಇದೇ. ಮನೋವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಅದರ ಹೆಸರು 'ಬಳ್ಳಾರಿ ಮಾದರಿ'. ಗಣಿಗೂ ಬಿಸಿಲಿಗೂ ಹೆಸರಾದ ಊರಿಗೆ ಇಂಥದೊಂದು ಹೆಸರೂ ಇದೆ ಎಂಬುದು ಬಳ್ಳಾರಿಯವರಲ್ಲೇ ಹಲವರಿಗೆ ಗೊತ್ತಿಲ್ಲ. ಗೊತ್ತಿರಬೇಕಾದ ಕಥೆ ಇದು.

ಬೆಂಗಳೂರಿನಲ್ಲಿ ಮನೋರೋಗಿಗಳಿಗೊಂದು ಆಶ್ರಯಸ್ಥಾನ ಶುರುವಾದದ್ದು 1847ರ ಸುಮಾರಿಗೆ. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂತು. 1954ರಲ್ಲಿ ಅದರ ಪಕ್ಕದಲ್ಲೇ ಎಂ.ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿ, 1974ರ ಕೊನೆಗೆ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಆದರೆ ಬಳ್ಳಾರಿಯಿಂದ ಬೆಂಗಳೂರಿಗೆ 300 ಕಿಲೋಮೀಟರ್. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸಿಗೆ ಸೇರಿತ್ತು. ಸಿರುಗುಪ್ಪದ ಗದ್ದೆಯಲ್ಲಿ ಭತ್ತ ನಾಟಿ ಮಾಡುವವಳಿಗೆ ಅತ್ತ ಮದ್ರಾಸೂ ದೂರ, ಇತ್ತ ಬೆಂಗಳೂರೂ ದೂರ. ಕೈಕಾಲು ಕಟ್ಟಿ ಬಸ್ಸಿಗೆ ಹತ್ತಿಸುವಷ್ಟು ರೋಗಿಯ ಸ್ಥಿತಿ ಕೆಟ್ಟ ಮೇಲೆಯೇ ದೊಡ್ಡಾಸ್ಪತ್ರೆಯ ನೆನಪಾಗುತ್ತಿತ್ತು.

ನಿಮ್ಹಾನ್ಸ್‌ನ ಕೆಲವು ವೈದ್ಯರನ್ನು ಕಾಡಿದ್ದು ಈ ದೂರ. 1970ರ ದಶಕದ ನಡುವೆ ಅವರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆದರು. ಮನೆಮನೆಗೆ ಹೋಗುವ ಆರೋಗ್ಯ ಸಹಾಯಕಿಗೆ, ಕಿರಿಯ ವೈದ್ಯರಿಗೆ ಮನೋರೋಗ ಗುರುತಿಸಲು ಕಲಿಸಬಹುದೇ ಎಂದು ನೋಡುವುದು ಅವರ ಉದ್ದೇಶ. ಕಲಿಸಬಹುದು ಎಂದು ತಿಳಿಯಿತು. ಆರ್.ಎಲ್. ಕಪೂರ್, ಆರ್. ಶ್ರೀನಿವಾಸಮೂರ್ತಿ, ಮೋಹನ್ ಐಸಾಕ್, ಸಿ.ಆರ್. ಚಂದ್ರಶೇಖರ್ ಈ ಸಮುದಾಯ ಮನೋವೈದ್ಯಕೀಯದ ಹೆಸರುಗಳು. 1982ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಒಪ್ಪಿಕೊಂಡಿತು. ಕೆಲವು ಹಳ್ಳಿಗಳಲ್ಲಿ ಆದದ್ದು ಇಡೀ ಜಿಲ್ಲೆಯಲ್ಲಿ ಆಗುತ್ತದೆಯೇ? ಅದಕ್ಕೆ ಉತ್ತರ ಹುಡುಕಲು ಆರಿಸಿಕೊಂಡ ಜಿಲ್ಲೆ ಬಳ್ಳಾರಿ. ಆಗ ಹೊಸಪೇಟೆ, ಹೂವಿನಹಡಗಲಿ, ಕೂಡ್ಲಿಗಿಗಳೆಲ್ಲ ಅದರೊಳಗೇ ಇದ್ದವು. 1991ರ ಜನಗಣತಿಯ ಹೊತ್ತಿಗೆ ಜಿಲ್ಲೆಯ ಜನಸಂಖ್ಯೆ 19 ಲಕ್ಷದ ಹತ್ತಿರ ಬಂದಿತ್ತು.

ವ್ಯವಸ್ಥೆ ಬಹಳ ಸರಳ. ಜಿಲ್ಲಾ ಕೇಂದ್ರದಲ್ಲಿ ಒಬ್ಬ ಮನೋವೈದ್ಯ, ಒಬ್ಬ ಚಿಕಿತ್ಸಾ ಮನಶ್ಶಾಸ್ತ್ರಜ್ಞ, ಒಬ್ಬ ಮನೋವೈದ್ಯಕೀಯ ಸಮಾಜ ಕಾರ್ಯಕರ್ತ, ಲೆಕ್ಕಪತ್ರಕ್ಕೊಬ್ಬ ಗುಮಾಸ್ತ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಎಲ್ಲ ಸಿಬ್ಬಂದಿಗೂ ತರಬೇತಿ. ಕೇಂದ್ರಗಳ ಕಪಾಟಿನಲ್ಲಿ ಆರು ಔಷಧಗಳು: ಕ್ಲೋರ್‌ಪ್ರೊಮಜೀನ್, ಅಮಿಟ್ರಿಪ್ಟಿಲಿನ್, ಟ್ರೈಹೆಕ್ಸಿಫೆನಿಡಿಲ್, ಫ್ಲೂಫೆನಜೀನ್ ಇಂಜೆಕ್ಷನ್, ಜೊತೆಗೆ ಮೂರ್ಛೆರೋಗಕ್ಕೆ ಫಿನೋಬಾರ್ಬಿಟೋನ್ ಮತ್ತು ಫಿನೈಟೋಯಿನ್. ರೋಗಿಗೊಂದು ಸರಳ ದಾಖಲೆ ಹಾಳೆ, ತಿಂಗಳಿಗೊಂದು ವರದಿ. ತೀರಾ ಕಷ್ಟವಾದವರನ್ನು ಜಿಲ್ಲಾ ಆಸ್ಪತ್ರೆಯಲ್ಲೇ ಕೆಲವು ದಿನ ಸೇರಿಸಿಕೊಳ್ಳುವ ಅವಕಾಶ. ಇಷ್ಟೇ. ವರ್ಷಗಟ್ಟಲೆ ಸರಪಳಿಯಲ್ಲೋ ಕತ್ತಲ ಕೋಣೆಯಲ್ಲೋ ಕಳೆಯಬೇಕಾಗಿದ್ದ ಜೀವಕ್ಕೆ ಊರ ಹತ್ತಿರವೇ ಮದ್ದು ಸಿಗುವುದು ಎಂದರೆ ಅದು ಸಣ್ಣ ಮಾತಲ್ಲ.

ಆದರೆ ಆ ದಾಖಲೆ ಹಾಳೆ ಎಣಿಸಿದ್ದು ರೋಗಿಗಳನ್ನು ಮತ್ತು ಮಾತ್ರೆಗಳನ್ನು. ಮಾತು ಎಣಿಕೆಗೆ ಸಿಗುವ ವಸ್ತುವಲ್ಲ.

ಹಳ್ಳಿಯ ಆಸ್ಪತ್ರೆಗೆ ಬರುವ ಹೆಣ್ಣುಮಗಳು 'ನನಗೆ ಖಿನ್ನತೆ' ಎನ್ನುವುದಿಲ್ಲ. 'ತಲಿ ನೋಯ್ತೈತ್ರಿ, ಎದಿ ಡವಡವ ಅಂತೈತಿ, ಕೈಕಾಲಾಗ ಬಲಾನೇ ಇಲ್ಲ' ಎನ್ನುತ್ತಾಳೆ. 'ನಿದ್ದೆ ಬರ್ತೈತೇನಮ್ಮಾ?' ಎಂದು ಕೇಳಿದರೆ 'ಇಲ್ರಿ' ಎಂಬಲ್ಲಿಗೆ ಮಾತು ಮುಗಿಯಿತು. ವೈದ್ಯರು ಚೀಟಿ ಬರೆದುಕೊಟ್ಟರು. ಅದೇ ಪ್ರಶ್ನೆಯನ್ನು ಚೂರು ತಿರುಗಿಸಿ 'ರಾತ್ರಿ ಹೆಂಗ ಕಳೀತೀಯಮ್ಮಾ?' ಎಂದು ಕೇಳಿ ಸುಮ್ಮನಿರಬೇಕು. ಸೆರಗಿನ ಅಂಚು ಬೆರಳಿಗೆ ಸುತ್ತಿಕೊಳ್ಳುತ್ತದೆ. ನೋಟ ನೆಲಕ್ಕಿಳಿಯುತ್ತದೆ. ಗಂಡ ಕುಡಿದು ಬರುವುದು, ಬಾಗಿಲ ಸಪ್ಪಳಕ್ಕೆ ಎದೆ ಹೊಡೆದುಕೊಳ್ಳುವುದು, ಮಗಳ ಮದುವೆಯ ಸಾಲ, ಒಂದೊಂದಾಗಿ ಹೊರಗೆ ಬರುತ್ತವೆ. ಎರಡು ಪ್ರಶ್ನೆಗಳ ನಡುವೆ ವ್ಯತ್ಯಾಸ ಕೆಲವೇ ಪದಗಳದ್ದು. ಮೊದಲನೆಯದಕ್ಕೆ ಹೌದು, ಇಲ್ಲ ಎರಡೇ ಉತ್ತರ. ಎರಡನೆಯದಕ್ಕೆ ಅವಳ ಇಡೀ ರಾತ್ರಿಯೇ ಉತ್ತರ. ಆಪ್ತ ಸಮಾಲೋಚನೆಯ ತರಬೇತಿ ಆರಂಭವಾಗುವುದು ಹೀಗೆ ಕೇಳುವುದರಿಂದ. ಕೇಳಿದ ಮೇಲೆ ಮೌನ ತಾಳುವುದು, ಅವಳು ಹೇಳಿದ್ದನ್ನು ಅವಳದೇ ಮಾತಿನಲ್ಲಿ ಮರಳಿ ಹೇಳಿ 'ನಾನು ತಿಳಕೊಂಡಿದ್ದು ಸರಿ ಐತೇನು?' ಎಂದು ಖಚಿತ ಮಾಡಿಕೊಳ್ಳುವುದು ಮುಂದಿನ ಪಾಠಗಳು. ಬಳ್ಳಾರಿ ಸೀಮೆಯಲ್ಲಿ ಇದಕ್ಕೆ ಕನ್ನಡವೊಂದೇ ಸಾಲದು. ಮನೆಯಲ್ಲಿ ತೆಲುಗೋ ಉರ್ದುವೋ ಆಡುವವರು ಬಹಳ, ಅಳುವಾಗ ಬರುವುದು ಮನೆಮಾತೇ.

ಕನ್ನಡದಲ್ಲಿ ಈ ವಿದ್ಯೆಗೆ 'ಆಪ್ತಸಲಹೆ' ಎಂದೂ 'ಆಪ್ತ ಸಮಾಲೋಚನೆ' ಎಂದೂ ಎರಡು ಹೆಸರುಗಳಿವೆ. ಮೇಲ್ನೋಟಕ್ಕೆ ಒಂದೇ, ಒಳಗೆ ಬೇರೆ. ಸಲಹೆ ಒಬ್ಬರು ಇನ್ನೊಬ್ಬರಿಗೆ ಕೊಡುವಂಥದ್ದು. ಸಮಾಲೋಚನೆ ಇಬ್ಬರು ಕೂತು ಮಾಡುವಂಥದ್ದು. ಎರಡರಲ್ಲೂ ಉಳಿದುಕೊಂಡಿರುವ 'ಆಪ್ತ' ಎಂಬ ಪದ ಬಹು ಹಳೆಯದು. ನಮ್ಮ ತರ್ಕಶಾಸ್ತ್ರ ನಂಬಿಕೆಗೆ ಅರ್ಹನಾದವನ ಮಾತನ್ನು ಆಪ್ತವಾಕ್ಯ ಎಂದು ಕರೆಯಿತು. ನಂಬಿಕೆ ಮೊದಲು, ಮಾತು ಆಮೇಲೆ ಎಂಬ ಕ್ರಮ ಹೆಸರಿನಲ್ಲೇ ಇದೆ.

ಸಲಹೆಯಿಂದ ಸಮಾಲೋಚನೆಗೆ ಬರುವ ಈ ದಾರಿಯನ್ನು ಪಶ್ಚಿಮದಲ್ಲಿ ತೆರೆದವರು ಅಮೆರಿಕದ ಕಾರ್ಲ್ ರೋಜರ್ಸ್. 1942ರಲ್ಲಿ ಬಂದ ಅವರ ಪುಸ್ತಕದಲ್ಲಿ ಒಂದು ಚಿಕಿತ್ಸೆಯ ಮಾತುಕತೆ ಪೂರ್ತಿಯಾಗಿ, ಧ್ವನಿಮುದ್ರಣದಿಂದ ಅಕ್ಷರಕ್ಕಿಳಿಸಿ ಅಚ್ಚಾಗಿತ್ತು. ಅಲ್ಲಿಯವರೆಗೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತಿದ್ದುದನ್ನು ಯಾರು ಬೇಕಾದರೂ ಓದಿ ಪರೀಕ್ಷಿಸುವಂತಾಯಿತು. ಎದುರಿಗಿರುವವರನ್ನು ಅಳೆಯದೆ ಒಪ್ಪಿಕೊಳ್ಳುವುದು, ಅವರ ಜಾಗದಲ್ಲಿ ನಿಂತು ನೋಡುವುದು, ಸಮಾಲೋಚಕರು ಒಳಗೊಂದು ಹೊರಗೊಂದು ಇಟ್ಟುಕೊಳ್ಳದಿರುವುದು, ಈ ಮೂರಿದ್ದರೆ ಮನುಷ್ಯ ತನ್ನ ದಾರಿ ತಾನೇ ಕಂಡುಕೊಳ್ಳುತ್ತಾನೆ ಎಂಬುದು ರೋಜರ್ಸ್ ನಂಬಿಕೆ. ನಮ್ಮಲ್ಲಿ ಬರುವವರು ಮಾತ್ರ 'ಏನ್ ಮಾಡ್ಲಿ, ನೀವೇ ಹೇಳಿಬಿಡ್ರಿ ಸರ್' ಎಂದು ಪಟ್ಟು ಹಿಡಿಯುತ್ತಾರೆ. ಮನೋವೈದ್ಯರೂ ಪಂಜಾಬಿ ಕವಿಯೂ ಆಗಿದ್ದ ಜೆ.ಎಸ್. ನೇಕಿ 1973ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಭಾರತದ ಚಿಕಿತ್ಸೆಗೆ ಗುರು-ಶಿಷ್ಯ ಸಂಬಂಧವೇ ಹೆಚ್ಚು ಹೊಂದುವ ಮಾದರಿ ಎಂದು ವಾದಿಸಿದರು. ಅದರಲ್ಲಿ ಹುರುಳಿದೆ. ಆದರೆ ಹೊಡೆತ ತಿಂದು ಬಂದವಳಿಗೆ 'ಹೊಂದಿಕೊಂಡು ಹೋಗವ್ವಾ' ಎಂದು ಉಪದೇಶಿಸುವ ಗುರುಗಳಿಗೆ ನಮ್ಮ ಊರುಗಳಲ್ಲಿ ಎಂದೂ ಬರವಿರಲಿಲ್ಲ. ಅವಳಿಗೆ ಅಷ್ಟರಲ್ಲಾಗಲೇ ಬೇಕಾದಷ್ಟು ಉಪದೇಶ ಆಗಿರುತ್ತದೆ.

ಹೇಳಿಕೊಳ್ಳುವ ಜಾಗಗಳು ಹಿಂದೆಯೂ ಇದ್ದವು. ಆರ್.ಎಲ್. ಕಪೂರ್ ಅವರು ಮೋರಿಸ್ ಕಾರ್‌ಸ್ಟೇರ್ಸ್ ಜೊತೆ ಕರಾವಳಿಯ ಕೋಟದಲ್ಲಿ ಅಧ್ಯಯನ ನಡೆಸಿ 1976ರಲ್ಲಿ ಪುಸ್ತಕ ತಂದರು. ಅಲ್ಲಿ ವೈದ್ಯರು, ಮಂತ್ರವಾದಿ, ದೇವರು ಮೈಮೇಲೆ ಬರುವ ಪಾತ್ರಿ ಎಲ್ಲರ ಬಳಿಗೂ ಜನ ಹೋಗುತ್ತಿದ್ದರು. ಒಬ್ಬರ ಹತ್ತಿರ ಹೋದೆವೆಂದು ಇನ್ನೊಬ್ಬರನ್ನು ಬಿಡುತ್ತಿರಲಿಲ್ಲ. ಬಳ್ಳಾರಿ ಸೀಮೆಯ ಗುಡಿ, ದರ್ಗಾ, ಮಠಗಳ ಕಟ್ಟೆಗೂ ಈ ಮಾತು ಒಪ್ಪುತ್ತದೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಯೊಂದರಲ್ಲಿ ಒಬ್ಬಳಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿರುತ್ತವೆ. ಅವಳು ಯಾರಿಗೂ ಹೇಳುವುದಿಲ್ಲ. ಒಳಗೇ ಉಸಿರುಗಟ್ಟಿದ ಅವು ಹೊರಬಿದ್ದು ಗಂಡಸಿನ ಕೆರ ಮತ್ತು ಅಂಗಿಯಾಗಿ ಅವಳ ಮನೆಯಲ್ಲಿ ಕಾಣಿಸಿಕೊಳ್ಳುತ್ತವೆ. ಗಂಡ ಅನುಮಾನಪಟ್ಟು ಮುನಿಯುತ್ತಾನೆ. ಹೇಳದೆ ಉಳಿದದ್ದು ರೂಪ ಬದಲಿಸಿ ಮನೆ ಒಡೆಯುತ್ತದೆ ಎಂಬುದು ಅಜ್ಜಿಯರಿಗೆ ಗೊತ್ತಿತ್ತು. ಗುಡಿಕಟ್ಟೆಗೆ ಇಲ್ಲದ ಒಂದು ಗುಣ ಮಾತ್ರ ಹೊಸ ಸಮಾಲೋಚನೆಗೆ ಬೇಕಾಯಿತು, ಗುಟ್ಟು ಕಾಯುವುದು. ಕಟ್ಟೆಯ ಮೇಲೆ ಹೇಳಿದ್ದು ಸಂಜೆಗೆ ಊರಿನದಾಗುತ್ತದೆ.

ಮಾತು ಸರ್ಕಾರದ ಮನೆಯೊಳಗೆ ಬಂದದ್ದು ಮನೋವೈದ್ಯರ ಬಾಗಿಲಿನಿಂದಲ್ಲ, ಪಕ್ಕದ ಬಾಗಿಲುಗಳಿಂದ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ನ್ಯಾಯಾಲಯಕ್ಕೆ ಸಮಾಲೋಚಕರನ್ನು ತಂದಿತು. 2000ದ ಆಚೀಚೆ ರಾಜ್ಯದಲ್ಲಿ ಸ್ವಯಂಸೇವಾ ಸಂಸ್ಥೆಗಳ ಮೂಲಕ, ನೊಂದ ಮಹಿಳೆಯರಿಗಾಗಿ 'ಸಾಂತ್ವನ' ಕೇಂದ್ರಗಳು ತೆರೆದವು. ಹದಿಹರೆಯದವರಿಗಾಗಿ ಆಸ್ಪತ್ರೆಗಳಲ್ಲಿ 'ಸ್ನೇಹಾ ಕ್ಲಿನಿಕ್' ಬಂತು.

ಎಲ್ಲಕ್ಕಿಂತ ದೊಡ್ಡ ಬಾಗಿಲು ತೆರೆದದ್ದು ಎಚ್‌ಐವಿ. ಮಾತಿಲ್ಲದೆ ಪರೀಕ್ಷೆಯೇ ಇಲ್ಲ ಎಂಬ ನಿಯಮ ನಮ್ಮ ಆಸ್ಪತ್ರೆಗಳಿಗೆ ಬಂದದ್ದು ಆ ರೋಗದಿಂದ. ರಕ್ತ ಕೊಡುವ ಮುಂಚೆ ಒಂದು ಮಾತುಕತೆ, ವರದಿ ಕೈಗೆ ಬಂದಾಗ ಇನ್ನೊಂದು. ಸಮಗ್ರ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ ಎಂಬ ಉದ್ದ ಹೆಸರಿನ ಫಲಕದ ಕೋಣೆ ತಾಲ್ಲೂಕು ಆಸ್ಪತ್ರೆಯ ಕಾರಿಡಾರಿನಲ್ಲಿ ಕಾಣಿಸಿಕೊಂಡಿತು. ಲಾರಿ ಚಾಲಕ, ಗುಳೆ ಹೋಗಿ ಬಂದ ಕೂಲಿಕಾರ, ದೇವದಾಸಿಯರ ಮನೆಯ ಹೆಣ್ಣುಮಗಳು ಅಲ್ಲಿ ಕೂತು ಮೊದಲ ಬಾರಿಗೆ, ಹೆದರದೆ, ತಮ್ಮ ಬದುಕಿನ ಬಗ್ಗೆ ಒಬ್ಬ ಸರ್ಕಾರಿ ಉದ್ಯೋಗಿಯ ಹತ್ತಿರ ಮಾತಾಡುವಂತಾಯಿತು. ಕನ್ನಡನಾಡಿನ ಹಳ್ಳಿಹಳ್ಳಿಗೆ 'ಆಪ್ತ ಸಮಾಲೋಚಕರು' ಎಂಬ ಪದವನ್ನು ಮುಟ್ಟಿಸಿದ್ದು, ಬಹುಮಟ್ಟಿಗೆ ಈ ಕೋಣೆಯೇ. 2017ರ ಎಚ್‌ಐವಿ ಕಾಯ್ದೆ ಒಪ್ಪಿಗೆಯನ್ನೂ ಗೋಪ್ಯತೆಯನ್ನೂ ಹಕ್ಕು ಮಾಡಿತು.

ಇತ್ತ ಬಳ್ಳಾರಿ ಮಾದರಿ 1996ರಲ್ಲಿ ನಾಲ್ಕು ರಾಜ್ಯಗಳ ಒಂದೊಂದು ಜಿಲ್ಲೆಗೆ ಹೋಯಿತು, ಕೆಲವೇ ವರ್ಷಗಳಲ್ಲಿ 27 ಜಿಲ್ಲೆಗಳಿಗೆ ಹಬ್ಬಿತು. ಹಬ್ಬುತ್ತ ಹೋದಂತೆ ಅದರ ಒಂದು ಕೊರತೆಯೂ ಜೊತೆಗೇ ಹಬ್ಬಿತು. ಉತ್ತರಪ್ರದೇಶದಲ್ಲಿ ಈ ಕಾರ್ಯಕ್ರಮವನ್ನು ಹತ್ತಿರದಿಂದ ನೋಡಿದ ಸುಮೀತ್ ಜೈನ್ ಮತ್ತು ಸುಶ್ರುತ್ ಜಾಧವ್, ಮಾತ್ರೆಯೇ ನೀತಿಯನ್ನು ನುಂಗಿಬಿಟ್ಟಿದೆ ಎಂದು 2009ರಲ್ಲಿ ಬರೆದರು. ಕಟುವಾದ ಮಾತು, ಹೇಳಬೇಕಾಗಿದ್ದ ಮಾತು. ಸಮುದಾಯದ ನಡುವೆ ಚಿಕಿತ್ಸೆ ಎಂಬ ದೊಡ್ಡ ಆಸೆ ಔಷಧ ಹಂಚಿಕೆಗೆ ಕುಗ್ಗಿತ್ತು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ತೊಂದರೆಗಳಿದ್ದ 100 ಜನರಲ್ಲಿ 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಮಾತು ಹೆಚ್ಚು ಕೆಲಸ ಮಾಡುವುದು ಇಂಥ ತೊಂದರೆಗಳಲ್ಲೇ.

ಮಾತಾಡಿಸಲು ದೊಡ್ಡ ಪದವಿಯೇ ಬೇಕೆಂದಿಲ್ಲ ಎಂಬುದಕ್ಕೂ ಈಗ ಆಧಾರವಿದೆ. ನೆರೆಯ ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು ಸ್ಥಳೀಯರನ್ನೇ ಸಮಾಲೋಚಕರಾಗಿ ತರಬೇತುಗೊಳಿಸಿ, ತೀವ್ರ ಖಿನ್ನತೆಗೂ ಅವರ ಆರೆಂಟು ಭೇಟಿಗಳು ಫಲ ಕೊಡುತ್ತವೆ ಎಂದು ತೋರಿಸಿದರು. ಜಿಂಬಾಬ್ವೆಯಲ್ಲಿ ಡಿಕ್ಸನ್ ಚಿಬಾಂಡಾ ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ಅಜ್ಜಿಯರನ್ನೇ ಕೂರಿಸಿದರು. ಕರ್ನಾಟಕದಲ್ಲಿ ಇದೇ ನಂಬಿಕೆಯಿಂದ ದುಡಿದವರು ಸಿ.ಆರ್. ಚಂದ್ರಶೇಖರ್. ಕನ್ನಡದಲ್ಲಿ ನೂರಕ್ಕೂ ಮಿಕ್ಕಿ ಪುಸ್ತಕ ಬರೆದು, ಬೆಂಗಳೂರಿನಲ್ಲಿ 'ಸಮಾಧಾನ' ಕೇಂದ್ರ ನಡೆಸಿ, ಗೃಹಿಣಿಯರು, ಶಿಕ್ಷಕರು, ನಿವೃತ್ತರಂಥ ಸಾಮಾನ್ಯರಿಗೆ ಈ ವಿದ್ಯೆ ಕಲಿಸಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು.

2014ರಿಂದ ರಾಜ್ಯದಲ್ಲಿ 'ಮನೋಚೈತನ್ಯ' ಎಂಬ ಹೆಸರಿನಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ಏರ್ಪಾಡಾಯಿತು. 2022ರ ಅಕ್ಟೋಬರ್ 10ರಂದು ನಿಮ್ಹಾನ್ಸ್‌ನಲ್ಲಿ 'ಟೆಲಿ ಮಾನಸ್' ಉದ್ಘಾಟನೆಯಾಯಿತು. 14416 ಒತ್ತಿದರೆ ಕನ್ನಡದಲ್ಲೇ ಮಾತಾಡಬಹುದು, ಹಣವಿಲ್ಲ, ಹೆಸರು ಹೇಳಿಕೊಳ್ಳಲು ಸಂಕೋಚವಾದರೂ ಮಾತಿಗೆ ಅಡ್ಡಿಯಿಲ್ಲ. ಬಳ್ಳಾರಿಯ ಯಾವುದೋ ಬಡಾವಣೆಯಲ್ಲಿ, ಗೋಡೆಗೆ ಗೋಡೆ ತಾಗಿದ ಮನೆಯಲ್ಲಿ ಪರೀಕ್ಷೆಗೆ ಓದುವ ಹುಡುಗಿಗೆ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದಕ್ಕಿಂತ ಮಾಳಿಗೆ ಹತ್ತಿ ನೀರಿನ ಟ್ಯಾಂಕಿನ ಮರೆಯಲ್ಲಿ ಫೋನು ಹಚ್ಚುವುದು ಸುಲಭ.

ಫೋನಿನಲ್ಲಿ ತಲೆಯಾಡಿಸಿದರೆ ಕಾಣುವುದಿಲ್ಲ. ಕಣ್ಣಿನಲ್ಲಿ ಭರವಸೆ ತುಂಬಲಾಗುವುದಿಲ್ಲ. ಆಗ ಉಳಿಯುವುದು 'ಹೂಂ' ಒಂದೇ. ನಮ್ಮ ಮನೆಗಳಲ್ಲಿ ರಾತ್ರಿ ಕಥೆ ಹೇಳುವ ಅಜ್ಜಿ, ಮಕ್ಕಳು ಹೂಂಗುಟ್ಟದಿದ್ದರೆ ಅಲ್ಲಿಗೇ ನಿಲ್ಲಿಸಿ 'ನಿದ್ದಿ ಬಂತೇನ್ರೋ?' ಎಂದು ಕೇಳುತ್ತಿದ್ದಳು. ಆ ಹುಡುಗಿಯೂ ಮೊದಲು 'ಸುಮ್ನೆ ಮಾಡಿದ್ದೆ ಮೇಡಂ' ಎನ್ನುತ್ತಾಳೆ. ಆಚೆಯಿಂದ 'ಹೂಂ, ಹೇಳಮ್ಮಾ' ಎಂದು ಕೇಳಿಸುತ್ತದೆ. ಸ್ವಲ್ಪ ಹೊತ್ತು ಗಾಳಿಯ ಸದ್ದು. ಕೆಳಗೆ ರಸ್ತೆಯಲ್ಲಿ ತರಕಾರಿ ಗಾಡಿಯವನ ಕೂಗು ದೂರ ಹೋಗುವವರೆಗೂ ಆಚೆಯ ದನಿ ಅವಸರ ಮಾಡುವುದಿಲ್ಲ. ಆಮೇಲೆ ಮತ್ತೊಮ್ಮೆ, ಮೆಲ್ಲಗೆ, 'ಹೂಂ'.